ತುಣುಕಿಗೆ ತುಣುಕು ಕೂಡಿದಾಗ



1898ನೇ ಇಸವಿ. ಫ್ರಾನ್ಸಿನ ಲೂಮಿಯೇರ್ ಸಹೋದರರ ಕಂಪನಿಯ ಹುಡುಗ ಫ್ರಾನ್ಸಿಸ್ ದುಬ್ಲಿಯೇ, ಸಿನಿಮಾ ಯಂತ್ರ ಹೊತ್ತುಕೊಂಡು ದಕ್ಷಿಣ ರಷ್ಯಾದ ಊರೂರು ಸುತ್ತುತ್ತಿದ್ದ. ಆಗೆಲ್ಲ ಒಂದು ಚಿತ್ರ ಅಂದರೆ ಸುಮಾರು 17 ಮೀಟರಿನ ಪಟ್ಟಿ. ಐವತ್ತು ಸೆಕೆಂಡಿಗೆ ಮುಗಿದೇಹೋಗುತ್ತಿತ್ತು. ಯಹೂದಿಗಳು ಹೆಚ್ಚಿದ್ದ ಊರುಗಳಲ್ಲಿ ಜನ ಅವನನ್ನು ಕೇಳಿದ್ದು ಒಂದೇ: ಡ್ರೇಫಸ್‌ನ ಚಿತ್ರ ಇಲ್ಲವೇನಪ್ಪಾ? ಮಾಡದ ದ್ರೋಹದ ಆರೋಪ ಹೊತ್ತು ದೂರದ ದ್ವೀಪದಲ್ಲಿ ಸೆರೆಯಾಗಿದ್ದ ಯಹೂದಿ ಸೇನಾಧಿಕಾರಿ ಆ ಡ್ರೇಫಸ್. ಅವನ ಚಿತ್ರ ದುಬ್ಲಿಯೇ ಹತ್ತಿರ ಒಂದಡಿಯೂ ಇರಲಿಲ್ಲ. ಪೆಟ್ಟಿಗೆ ತಡಕಾಡಿದ. ಫ್ರೆಂಚ್ ಸೈನ್ಯದ ಒಂದು ಪೆರೇಡು, ಪ್ಯಾರಿಸ್ಸಿನ ಒಂದು ದೊಡ್ಡ ಕಟ್ಟಡ, ಫಿನ್ಲೆಂಡಿನ ಒಂದು ಪುಟ್ಟ ಹಡಗು, ನೈಲ್ ನದಿ ಸಮುದ್ರ ಸೇರುವ ಜಾಗ ಸಿಕ್ಕವು. ನಾಲ್ಕನ್ನೂ ಸಾಲಾಗಿ ಜೋಡಿಸಿದ. ಪೆರೇಡಿನಲ್ಲಿ ಬಂಧನಕ್ಕೆ ಮುಂಚಿನ ಡ್ರೇಫಸ್, ಆಮೇಲೆ ಕೋರ್ಟು, ಆಮೇಲೆ ಕರೆದೊಯ್ಯುವ ಹಡಗು, ಕೊನೆಗೆ ಸೆರೆಮನೆಯ ದ್ವೀಪ ಎಂದು ಹೇಳಿ ತೋರಿಸಿದ. ಜನ ನಂಬಿದರು! ಒಬ್ಬ ಮುದುಕ ಮಾತ್ರ ಬಂದು ವಿಚಾರಿಸಿದನಂತೆ: ಇದೆಲ್ಲ ನಡೆದದ್ದು 1894ರಲ್ಲಿ, ನಿಮ್ಮ ಕ್ಯಾಮೆರಾ ಬಂದದ್ದು ಅದರ ಮರುವರ್ಷ, ಅಲ್ಲವೇ?

ನೋಡಿ, ನಾಲ್ಕು ತುಣುಕುಗಳಲ್ಲಿ ಯಾವುದೂ ಸುಳ್ಳಲ್ಲ. ಪೆರೇಡು ಪೆರೇಡೇ, ಹಡಗು ಹಡಗೇ. ಸುಳ್ಳು ಹುಟ್ಟಿದ್ದು ಅವು ಕೂಡಿದ ಜಾಗದಲ್ಲಿ. ವರ್ಷಗಟ್ಟಲೆ ಫಿಲ್ಮು ಜೋಡಿಸುವ ವಿಷಯದ ಹಿಂದೆ ಬಿದ್ದಿರುವ ನನ್ನನ್ನು ಇವತ್ತಿಗೂ ಹಿಡಿದಿಟ್ಟಿರುವುದು ಆ ಜಾಗವೇ.

ಕೂಡಿಸುವ ಕೈಕೆಲಸ ಹೇಗಿತ್ತು ಅಂತ ಬೇಗ ಹೇಳಿಬಿಡುತ್ತೇನೆ. ಪಟ್ಟಿಯ ತುದಿಯನ್ನು ಬ್ಲೇಡಿನಿಂದ ಕೆರೆದು, ಮೇಲಿನ ಚಿತ್ರದ ಪದರ ತೆಗೆದು, ಫಿಲ್ಮ್ ಸಿಮೆಂಟ್ ಎನ್ನುವ ಘಾಟಿನ ದ್ರವ ಸವರಿ, ಇನ್ನೊಂದು ತುದಿಯನ್ನು ಅದರ ಮೇಲೆ ಒತ್ತಿ ಹಿಡಿಯುವುದು. ಆ ದ್ರವ ಫಿಲ್ಮನ್ನೇ ಒಂದಿಷ್ಟು ಕರಗಿಸಿ ಎರಡನ್ನೂ ಒಂದು ಮಾಡುತ್ತಿತ್ತು. ಬಿಚ್ಚಿ ಮತ್ತೆ ಜೋಡಿಸಬೇಕೆಂದರೆ ಚಿತ್ರದ ಒಂದೆರಡು ಚೌಕ ಹೋದವೆಂದೇ ಲೆಕ್ಕ.

ಈಗ ನನಗೆ ಬಹಳ ಪ್ರಿಯವಾದ ಹೆಸರಿಗೆ ಬರುತ್ತೇನೆ. ಎಸ್‌ಫಿರ್ ಶುಬ್. 1920ರ ದಶಕದಲ್ಲಿ ಮಾಸ್ಕೋದಲ್ಲಿ ಆಕೆಯ ಕೆಲಸ, ಹೊರದೇಶದಿಂದ ಬಂದ ಚಿತ್ರಗಳನ್ನು ಸೋವಿಯತ್ ಪ್ರೇಕ್ಷಕರಿಗಾಗಿ ಕತ್ತರಿಸಿ ಮರುಜೋಡಿಸುವುದು. ದಿನವಿಡೀ ಬೇರೆಯವರ ಫಿಲ್ಮು, ಬೇರೆಯವರ ಕಥೆ. ಜರ್ಮನಿಯ ಫ್ರಿಟ್ಜ್ ಲಾಂಗ್ ಅವರ ‘ಡಾಕ್ಟರ್ ಮಾಬುಸೆ’ಯನ್ನು 1924ರಲ್ಲಿ ಹೀಗೆ ಬಿಚ್ಚಿ ಕಟ್ಟುವಾಗ ಆಕೆಯ ಜೊತೆ ಕೂತು ಕಲಿತ ತರುಣ ಯಾರು ಗೊತ್ತೇ? ಸೆರ್ಗೆಯ್ ಐಸೆನ್‌ಸ್ಟೈನ್! ಮರುವರ್ಷವೇ ಆತ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಮಾಡಿದ. ಜಗತ್ತು ಆತನನ್ನು ಸಂಕಲನದ ಗುರು ಎಂದಿತು. ಪಕ್ಕದಲ್ಲಿದ್ದ ಶುಬ್ ಹೆಸರು ಎಷ್ಟು ಜನರ ಬಾಯಲ್ಲಿದೆ ಹೇಳಿ? ನನಗೆ ಈ ಸಂಕಟ ಇನ್ನೂ ಆರಿಲ್ಲ.

1926ರಲ್ಲಿ ಶುಬ್ ಲೆನಿನ್‌ಗ್ರಾಡಿಗೆ ಹೋದರು. ಕ್ರಾಂತಿಗೆ ಮುಂಚಿನ ಸುದ್ದಿಚಿತ್ರಗಳು ಅಲ್ಲೊಂದು ತೇವದ ನೆಲಮಾಳಿಗೆಯಲ್ಲಿ, ತುಕ್ಕು ಹಿಡಿದ ಡಬ್ಬಗಳಲ್ಲಿ ಬಿದ್ದಿದ್ದವು. ಥಂಡಿಗೆ ಎಷ್ಟೋ ಪಟ್ಟಿಗಳಲ್ಲಿ ಚಿತ್ರದ ಪದರವೇ ಎದ್ದುಬಂದಿತ್ತು. ರೊಮಾನೊವ್ ವಂಶದ ತ್ಸಾರ್ ದೊರೆಯ ಮನೆಮಂದಿಯ ಖಾಸಗಿ ಚಿತ್ರಗಳೂ ಅವರ ಕೈಸೇರಿದವು. ಎರಡು ತಿಂಗಳಲ್ಲಿ ಆಕೆ ಕಣ್ಣಾಡಿಸಿದ್ದು 60,000 ಮೀಟರ್. ಬಿಡಿಸಿ ಹಾಸಿದರೆ ಬೆಂಗಳೂರಿನಿಂದ ಚನ್ನಪಟ್ಟಣದವರೆಗೆ ಆಗುವಷ್ಟು ಫಿಲ್ಮು! ಅದರಲ್ಲಿ ಆಯ್ದದ್ದು ಐದು ಸಾವಿರ ಚಿಲ್ಲರೆ ಮೀಟರ್. ಕೊನೆಗೆ ಉಳಿಸಿಕೊಂಡದ್ದು ಸುಮಾರು 1,500. ನಟರನ್ನಿಟ್ಟು ಒಂದು ದೃಶ್ಯವನ್ನೂ ತೆಗೆಸಲಿಲ್ಲ. 1927ರಲ್ಲಿ ‘ರೊಮಾನೊವ್ ವಂಶದ ಪತನ’ ತೆರೆಗೆ ಬಂತು.

ಅದರಲ್ಲೊಂದು ಕಡೆ ಹೀಗಿದೆ. ಹಡಗಿನ ಮೇಲಟ್ಟದಲ್ಲಿ ಶ್ರೀಮಂತ ಹೆಂಗಸರು, ಅಧಿಕಾರಿಗಳು ಕುಣಿಯುತ್ತಿದ್ದಾರೆ. ದಣಿದು ಕೂರುತ್ತಾರೆ, ಕುಡಿಯುತ್ತಾರೆ, ಮತ್ತೆ ಕುಣಿಯುತ್ತಾರೆ. ಬೆವರು ಹರಿಯುವ ತನಕ ಎಂದು ತೆರೆಯ ಮೇಲೆ ಬರಹ ಬರುತ್ತದೆ. ಅದು ಸರಿದರೆ ಎದುರಿಗೆ ಒಬ್ಬ ರೈತ. ದುಡಿದು ಸುಸ್ತಾಗಿದ್ದಾನೆ. ಅಷ್ಟೇ. ಎರಡು ತುಣುಕು ತೆಗೆದವರು ಬೇರೆ ಬೇರೆ; ಇವು ಹೀಗೆ ಅಕ್ಕಪಕ್ಕ ಬರುತ್ತವೆಂದು ಅವರು ಕನಸಲ್ಲೂ ಎಣಿಸಿರಲಾರರು. ಅರಮನೆಯವರು ತಮ್ಮ ಸಂತೋಷಕ್ಕೆ ತೆಗೆಸಿಕೊಂಡ ಚಿತ್ರವೇ ಅವರ ವಿರುದ್ಧ ಸಾಕ್ಷಿ ಹೇಳಿತು. ದುಬ್ಲಿಯೇಯ ಹಡಗು ಬೇರೊಂದು ಹಡಗಾಗಿ ನಟಿಸಬೇಕಾಯಿತು. ಶುಬ್ ಅವರ ಹಡಗು ತಾನಾಗಿಯೇ ಉಳಿದು ತನ್ನ ಕಾಲದ ಅನ್ಯಾಯವನ್ನು ಹೇಳಿತು.

ಮುಂದಿನದು ಯಂತ್ರಗಳ ಕಥೆ, ಓಡಿಸಿಬಿಡೋಣ. ಇಟಲಿಯ ನಿರ್ದೇಶಕ ಫೆಲಿನಿಯ ಸಂಕಲನಕಾರ ಲಿಯೊ ಕಟೋಜ್ಜೊ, ಪಾರದರ್ಶಕ ಟೇಪು ಹಚ್ಚಿ ಅದಕ್ಕೆ ತೂತುಗಳನ್ನೂ ತಾನೇ ಹೊಡೆಯುವ ಪುಟ್ಟ ಒತ್ತುಯಂತ್ರ ಮಾಡಿದ. ಒಂದು ಚೌಕವೂ ಹಾಳಾಗದಂತೆ ಬಿಚ್ಚಿ ಜೋಡಿಸಬಹುದಾಯಿತು. 1956ರಲ್ಲಿ ಆಂಪೆಕ್ಸ್ ಕಂಪನಿಯ ವಿಡಿಯೋ ಟೇಪು ಬಂತು. ಅದರಲ್ಲಿ ಚಿತ್ರ ಕಣ್ಣಿಗೆ ಕಾಣುವುದೇ ಇಲ್ಲ! ಕಬ್ಬಿಣದ ಪುಡಿ ಬೆರೆಸಿದ ದ್ರವ ಹಚ್ಚಿ, ಕಾಂತದ ಗೆರೆಗಳು ಮೂಡಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ಕತ್ತರಿಸಬೇಕಿತ್ತು. ಆಮೇಲೆ ಕಂಪ್ಯೂಟರು, 1989ರಲ್ಲಿ ಆವಿಡ್ ಎಂಬ ಸಂಕಲನ ವ್ಯವಸ್ಥೆ. ಕತ್ತರಿ ಮೂಲೆ ಸೇರಿತು.

ಈಗ ಮೊಬೈಲಿನಲ್ಲಿ ಗೃಹಪ್ರವೇಶದ್ದೋ ನಾಮಕರಣದ್ದೋ ಹತ್ತು ಕ್ಲಿಪ್ಪು ಇರುತ್ತವೆ, ಒಂದೇ ಫೈಲು ಮಾಡಬೇಕು ಅನ್ನಿಸುತ್ತದೆ. ಡಿಜಿಟಲ್ ವಿಡಿಯೋದಲ್ಲಿ ಪ್ರತಿ ಚೌಕವೂ ಪೂರ್ತಿ ಇರುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ, ನಡುವೆ ಏನೇನು ಬದಲಾಯಿತು ಎಂಬ ಲೆಕ್ಕ ಮಾತ್ರ. ಎಲ್ಲ ಕ್ಲಿಪ್ಪುಗಳೂ ಒಂದೇ ಅಳತೆಯವು, ಒಂದೇ ಬಗೆಯಲ್ಲಿ ಕುಗ್ಗಿಸಿದವು ಆಗಿದ್ದರೆ ತುದಿಗೆ ತುದಿ ಸೇರಿಸಿದರಾಯಿತು. ಎಫ್ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಅದನ್ನು ಕ್ಷಣದಲ್ಲಿ ಮಾಡುತ್ತದೆ; ಚಿತ್ರ ಒಂದಿಷ್ಟೂ ಕೆಡುವುದಿಲ್ಲ. ಒಂದು ನಿಮ್ಮ ಫೋನಿನದು, ಇನ್ನೊಂದು ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಅಂದರೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕುಗ್ಗಿಸಬೇಕು. ಸ್ಪಷ್ಟತೆ ಒಂದು ಪಾಲು ಕಡಿಮೆಯಾಗುತ್ತದೆ.

ಆದ್ದರಿಂದ ನಿಮ್ಮಲ್ಲಿ ಎರಡು ಬೇಡಿಕೆ. ಮೊದಲನೆಯದು, ಜೋಡಿಸಿದ ಮೇಲೂ ಮೂಲ ತುಣುಕುಗಳನ್ನು ಅಳಿಸಬೇಡಿ. 1934ರಲ್ಲಿ ಬಂದ ನಮ್ಮ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ನಮಗೆ ಉಳಿದಿಲ್ಲ. ನಟರಾದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಅದರಲ್ಲಿ ಹೇಗೆ ನಡೆದರು, ಹೇಗೆ ಮಾತಾಡಿದರು ಎಂದು ನೋಡುವ ಭಾಗ್ಯ ನಮಗಿಲ್ಲ. ನೆಲಮಾಳಿಗೆಯ ಡಬ್ಬವಾದರೂ ಇದ್ದಿದ್ದರೆ ಯಾರಾದರೂ ಒಬ್ಬ ಶುಬ್ ಬಂದು ಹುಡುಕುತ್ತಿದ್ದರು.

ಎರಡನೆಯದು, ಯಾವುದರ ಪಕ್ಕ ಯಾವುದನ್ನು ಇಡುತ್ತೀರಿ ಅನ್ನುವುದನ್ನು ಯಂತ್ರಕ್ಕೆ ಬಿಡಬೇಡಿ, ನೀವೇ ಯೋಚಿಸಿ. ಬೇರೆ ಊರಿನ ಗಲಾಟೆಯ ತುಣುಕನ್ನು ನಮ್ಮೂರಿನ ಮೆರವಣಿಗೆಗೆ ಅಂಟಿಸಿ ಯಾರಾದರೂ ಕಳಿಸಿದರೆ, ಆ ಮುದುಕನ ಹಾಗೆ ತಡೆದು ನಿಲ್ಲಿಸಿ, ಇದು ಎಲ್ಲಿಯದು, ಯಾವಾಗಿನದು ಎಂದು ಕೇಳಿ.