ಕಂಪ್ಯೂಟರಿಗೆ ಕನ್ನಡ ಬರೋದಿಲ್ಲ ಅಂದವರು ಯಾರು?

(ಯುವಕರ ಗಣಕ ತರಬೇತಿ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಘೋಷಣೆ ಕೂಗುವುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ನೀವೇ ನನಗಿಂತ ಗಟ್ಟಿ. ಇವತ್ತು ಒಂದು ಸಣ್ಣ ಪೆಟ್ಟಿಗೆಯ ವಿಷಯ ಮಾತಾಡಿ ಹೋಗುತ್ತೇನೆ. ವೆಬ್ ಪುಟದ ಪಟ್ಟಿಯ ಮೇಲೆ ‘ಹುಡುಕಿ’ ಎಂದು ಬರೆದಿರುತ್ತದಲ್ಲ, ಆ ಪೆಟ್ಟಿಗೆ.

ನಮ್ಮ ಬಡಾವಣೆಯ ಪುಟ್ಟ ಪುಸ್ತಕಾಲಯದ ಕಥೆ ಕೇಳಿ. ಇರುವುದು 800 ಪುಸ್ತಕ. ಪಟ್ಟಿಯನ್ನು ವೆಬ್ ಪುಟಕ್ಕೆ ಹಾಕಿಸಿದರು. ಅಕ್ಷರ ಒತ್ತುತ್ತಾ ಹೋದಂತೆ ಹೊಂದದ ಸಾಲುಗಳು ಮರೆಯಾಗಿ, ಹೊಂದುವ ಸಾಲುಗಳಷ್ಟೇ ಉಳಿಯಬೇಕು. ಒಬ್ಬ ಅಜ್ಜ ಬಂದು ‘ಚೋಮನ ದುಡಿ’ ಎಂದು ಒತ್ತಿದರು. ಪಟ್ಟಿ ಖಾಲಿ! ಪುಸ್ತಕ ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನಡೆಸುವವರ ತೀರ್ಮಾನ ಏನು ಗೊತ್ತೇ? ‘ಕನ್ನಡದಲ್ಲಿ ಹುಡುಕಿದರೆ ಸಿಗಲ್ಲ ರೀ, ಹೆಸರನ್ನೆಲ್ಲ ಇಂಗ್ಲಿಷಿಗೆ ಮಾಡಿಬಿಡೋಣ.’ ಶಿವರಾಮ ಕಾರಂತರು 1933ರಲ್ಲಿ ಕೊಟ್ಟ ಕಾದಂಬರಿಯನ್ನು ಕನ್ನಡದ ಅಜ್ಜ ಇಂಗ್ಲಿಷ್ ಅಕ್ಷರ ಒತ್ತಿ ಹುಡುಕಬೇಕಂತೆ! ನನಗೆ ರೇಗಿತು. ಆದರೆ ಜಗಳ ಆಡಲಿಲ್ಲ, ಎರಡು ದಿನ ಟೈಮ್ ಕೇಳಿದೆ.

ಆ ಪೆಟ್ಟಿಗೆಯ ಒಳಗುಟ್ಟು ಬಹಳ ಸರಳ. ಪುಟದಲ್ಲಿ ಒಂದು ಇನ್‌ಪುಟ್, ಕೆಳಗೆ ಒಂದು ಟೇಬಲ್. ಇನ್‌ಪುಟ್‌ನಲ್ಲಿ ಅಕ್ಷರ ಬದಲಾದಾಗೆಲ್ಲ ಜಾವಾಸ್ಕ್ರಿಪ್ಟ್ ಒಂದೊಂದೇ ಸಾಲಿನ ಪಠ್ಯ ತೆಗೆದು ‘ಇದರೊಳಗೆ ಅದು ಇದೆಯೇ’ ಎಂದು ‘ಇನ್‌ಕ್ಲೂಡ್ಸ್’ ಮೂಲಕ ಕೇಳುತ್ತದೆ. ಇಲ್ಲವೆಂದರೆ ಆ ಸಾಲಿಗೆ ‘ಹಿಡನ್’ ಹಚ್ಚುತ್ತದೆ. ಅಷ್ಟೇ. ಶೀರ್ಷಿಕೆಯ ಸಾಲೂ ಮಾಯವಾಗಬಾರದಲ್ಲ, ಅದಕ್ಕೆ ‘ಟಿಬಾಡಿ’ಯ ಸಾಲುಗಳನ್ನು ಮಾತ್ರ ಮುಟ್ಟಿ. ಹಳೆಯ ಪಾಠಗಳು ‘ಕೀಅಪ್’ ಘಟನೆಯನ್ನು ಹಿಡಿಯಿರಿ ಅನ್ನುತ್ತವೆ. ಬೇಡ. ಫೋನಿನಲ್ಲಿ ಬಾಯಲ್ಲಿ ಹೇಳಿ ಬರೆಸಿದರೆ, ಬೇರೆ ಕಡೆಯಿಂದ ತಂದು ಅಂಟಿಸಿದರೆ ಅದನ್ನು ನಂಬಲಾಗದು. ‘ಇನ್‌ಪುಟ್’ ಘಟನೆಯನ್ನೇ ಹಿಡಿಯಿರಿ.

ಇಂಗ್ಲಿಷ್ ಪಾಠ ಇಲ್ಲಿಗೆ ಮುಗಿಯುತ್ತದೆ. ದೊಡ್ಡಕ್ಷರ ಚಿಕ್ಕಕ್ಷರ ಒಂದು ಮಾಡಿದರೆ ಅವರ ಕೆಲಸ ಆಯಿತು. ನಮ್ಮಲ್ಲಿ ಅಂಥ ಭೇದವೇ ಇಲ್ಲ, ನಮ್ಮ ತೊಡಕು ಬೇರೆ.

‘ಚೋ’ ಅಕ್ಷರವನ್ನೇ ನೋಡಿ. ಯೂನಿಕೋಡ್‌ನಲ್ಲಿ ಇದನ್ನು ಎರಡು ಬಗೆಯಲ್ಲಿ ಬರೆಯಬಹುದು. ಚಕಾರಕ್ಕೆ ಓಕಾರದ ಚಿಹ್ನೆ ಒಂದೇ ತುಂಡಾಗಿ ಸೇರಬಹುದು. ಇಲ್ಲವೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿ ಸೇರಬಹುದು. ಕಣ್ಣಿಗೆ ಎರಡೂ ‘ಚೋ’. ಯಂತ್ರಕ್ಕೆ ಎರಡೂ ಬೇರೆ ಬೇರೆ! ನಮ್ಮ ಪುಸ್ತಕಪಟ್ಟಿ ಯಾವುದೋ ಪರಿವರ್ತಕದಿಂದ ಮೂರು ತುಂಡಾಗಿ ಬಂದಿತ್ತು, ಅಜ್ಜನ ಕೀಲಿಮಣೆ ಒಂದೇ ತುಂಡು ಕೊಟ್ಟಿತ್ತು. ಮದ್ದು ಒಂದೇ ಪದ: ‘ನಾರ್ಮಲೈಸ್’. 2015ರ ಜಾವಾಸ್ಕ್ರಿಪ್ಟ್ ಮಾನಕದಿಂದಲೇ ಅದು ಇದೆ. ಅದಕ್ಕೆ ‘ಎನ್‌ಎಫ್‌ಸಿ’ ಎಂದು ಹೇಳಿ ಹುಡುಕುವ ಪದವನ್ನೂ ಸಾಲಿನ ಪಠ್ಯವನ್ನೂ ದಾಟಿಸಿ. ಒಂದನ್ನು ದಾಟಿಸಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ.

ಎರಡನೆಯ ಕಳ್ಳ ಕಣ್ಣಿಗೇ ಬೀಳುವುದಿಲ್ಲ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ‘ಜ್’ ಆದಮೇಲೆ ಒಂದು ಅದೃಶ್ಯ ಚಿಹ್ನೆ ಇರಬೇಕು. ಇಲ್ಲದಿದ್ದರೆ ಜಕಾರದ ಕೆಳಗೆ ಕಕಾರದ ಒತ್ತು ಬಂದು ಕೂರುತ್ತದೆ. ಅವಸರದಲ್ಲಿ ಹುಡುಕುವವನು ಆ ಚಿಹ್ನೆಯನ್ನು ಎಲ್ಲಿ ಒತ್ತುತ್ತಾನೆ? ಅಣ್ಣಾವ್ರೇ ಪಟ್ಟಿಯಲ್ಲಿ ಸಿಗದ ಕನ್ನಡ ಪುಟ ಯಾಕೆ ಬೇಕು ಹೇಳಿ! ಯೂನಿಕೋಡ್‌ನಲ್ಲಿ 200ಸಿ, 200ಡಿ ಎಂಬ ಸಂಕೇತದ ಈ ಎರಡು ಅದೃಶ್ಯ ಚಿಹ್ನೆಗಳನ್ನು ಹೋಲಿಸುವ ಮುಂಚೆ ಎರಡೂ ಕಡೆಯಿಂದ ತೆಗೆದುಹಾಕಿ. ತೋರಿಸುವ ಪಠ್ಯದಿಂದಲ್ಲ, ಹೋಲಿಸುವ ನಕಲಿನಿಂದ ಮಾತ್ರ.

ಅಂಕಿಗೂ ಇದೇ ಗತಿ. ೧೯೮೦ ಎಂದು ಪಟ್ಟಿಯಲ್ಲಿದ್ದರೆ 1980 ಎಂದು ಒತ್ತಿದವನಿಗೆ ಸಿಗದು. ಕನ್ನಡದ ಹತ್ತು ಅಂಕಿಗಳನ್ನು ನಕಲಿನಲ್ಲಿ ಬದಲಿಸಿಬಿಡಿ. ‘ಚೋಮನದುಡಿ’ ಎಂದು ಸೇರಿಸಿ ಬರೆಯುವವರೂ ಇದ್ದಾರೆ. ಹಾಗಾಗಿ ನಾನು ಪದಗಳ ನಡುವಿನ ಜಾಗವನ್ನೂ ತೆಗೆದೆ, ಒಂದು ಕಂಬದ ಪಠ್ಯ ಇನ್ನೊಂದಕ್ಕೆ ಅಂಟದಂತೆ ಮಧ್ಯೆ ಗೀಟು ಇಟ್ಟೆ.

ತೇಜಸ್ವಿಯವರ ‘ಕರ್ವಾಲೊ’ವನ್ನು ‘ಕರ್ವಾಲೋ’ ಎಂದು ದೀರ್ಘ ಎಳೆದು ಹುಡುಕುವವರನ್ನು ಏನು ಮಾಡುವುದು? ಗಣೇಶನನ್ನು ‘ಗಣೇಷ’ ಮಾಡುವವರನ್ನು? ಹ್ರಸ್ವ ದೀರ್ಘ, ಶ ಷ ಎಲ್ಲವನ್ನೂ ಒಂದು ಮಾಡಿದರೆ ಸಂಬಂಧವಿಲ್ಲದ ಸಾಲುಗಳೂ ನುಗ್ಗುತ್ತವೆ. 800 ಸಾಲಿನಲ್ಲಿ ನಾಲ್ಕು ಹೆಚ್ಚು ಬಂದರೆ ನಷ್ಟವಿಲ್ಲ ಅಂತ ನಾನು ಒಂದು ಮಾಡಿದೆ. ಮತದಾರರ ಪಟ್ಟಿಯಂಥದಕ್ಕೆ ಹಾಗೆ ಮಾಡಲಾರೆ.

ಒಂದು ಎಚ್ಚರಿಕೆ. ಹಳೆಯ ನುಡಿ, ಬರಹ ಫಾಂಟುಗಳ ಕಡತ ನಿಮ್ಮ ಹತ್ತಿರ ಇದ್ದರೆ ಮೇಲಿನ ಯಾವ ಮದ್ದೂ ನಾಟದು. ಅವುಗಳ ಹೊರಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ, ಇನ್ನೂ ಎಷ್ಟೋ ಕಚೇರಿಗಳ ಕಡತ ಹಳೆಯ ಅಂಗಿಯಲ್ಲೇ ಓಡಾಡುತ್ತಿದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಪೆಟ್ಟಿಗೆ ಕಟ್ಟಿ.

ಪ್ರತಿ ಸಾಲಿನ ನಕಲನ್ನು ಪುಟ ತೆರೆದಾಗ ಒಮ್ಮೆ ತಯಾರಿಸಿಟ್ಟುಕೊಳ್ಳಿ, ಅಕ್ಷರಕ್ಕೊಮ್ಮೆ ಮಾಡಬೇಡಿ. ಏನೂ ಸಿಗದಿದ್ದರೆ ಖಾಲಿ ಬಿಡದೆ ‘ಈ ಹೆಸರಿನದು ಪಟ್ಟಿಯಲ್ಲಿಲ್ಲ’ ಎಂದು ಕನ್ನಡದಲ್ಲೇ ಹೇಳಿ.

ಎರಡು ದಿನ ಕೇಳಿದ್ದೆ, ಒಂದು ಸಂಜೆ ಸಾಕಾಯಿತು. ಇಂಗ್ಲಿಷಿಗೆ ಮಾಡುವ ಮಾತು ಅಲ್ಲಿಗೇ ನಿಂತಿತು. ಅಜ್ಜ ಮುಂದಿನ ವಾರ ಬಂದವರು ‘ಚೋ’ ಒತ್ತುವಷ್ಟರಲ್ಲಿ ಪಟ್ಟಿ ನಾಲ್ಕೈದು ಸಾಲಿಗೆ ಇಳಿಯಿತು. ‘ಪೂರ್ತಿ ಬರೆಯೋದೇ ಬೇಡವೇನಪ್ಪಾ?’ ಅಂದರು. ಬೇಡ ತಾತ, ಅಂದೆ.

ಇನ್ನು ಮಾತು ಸಾಕು. ನಿಮ್ಮ ಸಂಘದ ಸದಸ್ಯರ ಪಟ್ಟಿ ತಂದಿದ್ದೀರಲ್ಲ, ತೆಗೆಯಿರಿ.