ಜೇಬಿನಲ್ಲಿರಲಿ ಒಂದು ಆಸ್ಪಿರಿನ್



ಮನೆಯ ಹಿರಿಯರಿಗೆ ಎದೆ ಹಿಂಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಡಿ, ಮೈ ಬೆವರಿದರೆ ‘ಗ್ಯಾಸ್’ ಎಂದು ಸೋಡಾ ಕುಡಿಸಿ ಕಾಯಬೇಡಿ. ಮೊದಲು 108ಕ್ಕೆ ಕರೆ ಮಾಡಿ.

ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದರಿಂದಲೇ ಸಾಮಾನ್ಯವಾಗಿ ಹೃದಯಾಘಾತವಾಗುತ್ತದೆ. ಆ ಹೆಪ್ಪು ಬೆಳೆಯದಂತೆ ಆಸ್ಪಿರಿನ್ ತಡೆಯುತ್ತದೆ. 1988ರಲ್ಲಿ ಪ್ರಕಟವಾದ, 17,187 ರೋಗಿಗಳ ಅಧ್ಯಯನವೊಂದರಲ್ಲಿ ಐದು ವಾರಗಳೊಳಗಿನ ಹೃದಯ, ರಕ್ತನಾಳ ಸಂಬಂಧಿ ಸಾವುಗಳು ಆಸ್ಪಿರಿನ್‌ನಿಂದ ಸುಮಾರು ಶೇ. 23ರಷ್ಟು ಕಡಿಮೆಯಾದವು.

ಸುಮಾರು 300 ಮಿಲಿಗ್ರಾಂ ಮಾತ್ರೆಯನ್ನು ಅಗಿದು ನುಂಗಬೇಕು. ಬೇಗ ರಕ್ತ ಸೇರುತ್ತದೆ. ಆಸ್ಪಿರಿನ್ ಒಗ್ಗದವರಿಗೆ, ರಕ್ತಸ್ರಾವವಿರುವವರಿಗೆ, ಪಾರ್ಶ್ವವಾಯುವಿನ ಲಕ್ಷಣ ಕಂಡವರಿಗೆ ಕೊಡಕೂಡದು. ಆದ್ದರಿಂದ ಇಂದೇ ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ಹಿರಿಯರ ಜೇಬಿನಲ್ಲಿ ಒಂದು ಮಾತ್ರೆ ಇಡಿ. ಮಾತ್ರೆಯೇ ಚಿಕಿತ್ಸೆಯಲ್ಲ, ಆಸ್ಪತ್ರೆ ಸೇರುವವರೆಗಿನ ಆಸರೆ ಮಾತ್ರ.