ಅಂಧರ ಕೈಯಲ್ಲಿ ಗ್ರಂಥ

(ರಾಬರ್ಟ್‌ಸನ್‌ಪೇಟೆಯ ಭಕ್ತಸಭೆಯಲ್ಲಿ ನಡೆದ ಉಪನ್ಯಾಸ)



ಚಿನ್ನದ ಗಣಿಯ ಈ ಊರಿಗೆ ಕತ್ತಲೆಯೆಂದರೇನೆಂಬುದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಚಾಂಪಿಯನ್ ರೀಫ್ ಗಣಿಯು 3,000 ಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದಿತು. ಅಲ್ಲಿ ದುಡಿದವರಿಗೆ ದೀಪವೇ ಕಣ್ಣು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. 2001ರಲ್ಲಿ ಗಣಿಗಳು ಮುಚ್ಚಿದುವು. ಆದರೆ ಯಾವ ದೀಪವೂ ಬೆಳಗಲಾರದ ಕತ್ತಲೆಯೊಂದುಂಟು. ಅಚ್ಚಾದ ಪುಸ್ತಕವು ಅಂಧನ ಕೈಯಲ್ಲಿ ಬರಿಯ ಕಾಗದದ ಕಟ್ಟು. ಓದಿ ಹೇಳುವವರಿಗೆ ಬಿಡುವಾದಾಗ, ಅವರ ಮನಸ್ಸು ಬಂದಷ್ಟು ಹೊತ್ತು ಮಾತ್ರ ಅವನಿಗೆ ಗ್ರಂಥದ ಲಾಭ. ಕಣ್ಣಿಲ್ಲದಿರುವುದಕ್ಕಿಂತ ಈ ಪರಾಧೀನತೆಯೇ ಹೆಚ್ಚಿನ ದುಃಖ. ಅದನ್ನು ಕಳೆಯಬಲ್ಲ, ಜೊತೆಯಲ್ಲಿ ಒಯ್ಯಬಹುದಾದ ವಾಚನಯಂತ್ರವು ಎಂತಿರಬೇಕೆಂಬುದೇ ಈ ದಿನದ ವಿಷಯ.

ಅಂಧರಿಗೆ ವಿದ್ಯೆಯು ಹತ್ತದೆಂಬ ಮಾತಿಗೆ ಕನ್ನಡನಾಡಿನಲ್ಲಿ ಎಡೆಯಿಲ್ಲ. ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡರ ಮತ್ತು ಅಂಧರ ಶಾಲೆಯು ಸ್ಥಾಪಿತವಾಯಿತು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ತಾವು ದೃಷ್ಟಿಹೀನರಾಗಿದ್ದೂ ಅಂಧ ಬಾಲಕರಿಗೆ ಅನ್ನವನ್ನೂ ಸಂಗೀತವನ್ನೂ ದಾನಮಾಡಿ, 1944ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರೇ. ಆದರೂ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದುದಲ್ಲದೆ, ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಬುದ್ಧಿಯಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಸಾಧನದಲ್ಲಿ.

ಆ ಸಾಧನವನ್ನು ಮೊದಲು ಒದಗಿಸಿದವನು ಫ್ರಾನ್ಸ್ ದೇಶದ ಲೂಯಿ ಬ್ರೈಲ್. 1809ರಲ್ಲಿ ಹುಟ್ಟಿದ ಇವನು, ಚರ್ಮದ ಕೆಲಸಗಾರನಾದ ತಂದೆಯ ಅಂಗಡಿಯಲ್ಲಿ ಹರಿತವಾದ ಹತ್ಯಾರು ತಗುಲಿ ಶೈಶವದಲ್ಲೇ ಕಣ್ಣು ಕಳೆದುಕೊಂಡನು. ಅವನು 1829ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಉಬ್ಬಿದ ಆರು ಚುಕ್ಕೆಗಳಿಂದ 63 ಆಕಾರಗಳಾಗುವುವು, ಬೆರಳೇ ಕಣ್ಣಾಗುವುದು. 1951ರ ಸುಮಾರಿಗೆ ಭಾರತೀಯ ಭಾಷೆಗಳಿಗೆಲ್ಲ ಭಾರತಿ ಬ್ರೈಲ್ ಎಂಬ ಏಕಕ್ರಮವು ಏರ್ಪಟ್ಟಿತು. ಇದರಲ್ಲಿ ಒಂದೇ ಧ್ವನಿಗೆ ಬಹುಮಟ್ಟಿಗೆ ಒಂದೇ ಚಿಹ್ನೆ. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ರಾಬರ್ಟ್‌ಸನ್‌ಪೇಟೆಯಂತಹ ಊರಿಗೆ ಇದೆಷ್ಟು ಉಪಕಾರವೆಂಬುದನ್ನು ವಿವರಿಸಬೇಕಾದುದಿಲ್ಲ.

ಆದರೆ ಬ್ರೈಲ್ ಗ್ರಂಥದ ಭಾರವು ಬಹಳ. ದಪ್ಪ ಕಾಗದದ ಮೇಲೆ ಉಬ್ಬಚ್ಚಾದಾಗ ಒಂದು ಸಾಧಾರಣ ಪುಸ್ತಕವೇ ಹಲವು ಸಂಪುಟಗಳಾಗುವುದು. ಗಣಿ ಮುಚ್ಚಿದ ಬಳಿಕ ಇಲ್ಲಿಂದ ದಿನಂಪ್ರತಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಹೋಗುವವರು ಅನೇಕರು. ಅವರಲ್ಲೊಬ್ಬ ಅಂಧನು ಜನಭರಿತವಾದ ರೈಲುಬಂಡಿಯಲ್ಲಿ ಅಂತಹ ಸಂಪುಟಗಳನ್ನು ಹೊತ್ತು ನಿಲ್ಲುವುದೆಂತು? ಆದಕಾರಣ ಯಂತ್ರವು ಬೇಕಾಯಿತು. ಅಮೆರಿಕೆಯ ರೇ ಕರ್ಜ್‌ವೈಲ್ ಎಂಬವರು 1976ರಲ್ಲಿ ಹೊರತಂದ ಯಂತ್ರವು ಅಚ್ಚಿನ ಪುಟವನ್ನು ನೋಡಿ ಗಟ್ಟಿಯಾಗಿ ಓದಿತು. ಆದರೆ ಅದಕ್ಕೆ ಒಂದು ಮೇಜೇ ಬೇಕಾಗಿದ್ದಿತು. ಮೂವತ್ತು ವರ್ಷಗಳಲ್ಲಿ ಆ ಶಕ್ತಿಯು ಅಂಗೈಯೊಳಗೆ ಅಡಗಿತು. ಇಂದು ಮೊಬೈಲ್ ಫೋನೇ ಪುಟದ ಚಿತ್ರವನ್ನು ತೆಗೆದು ಓದುವುದು. ಇನ್ನೊಂದು ಬಗೆಯ ಯಂತ್ರದಲ್ಲಿ ಸಣ್ಣ ಮೊಳೆಗಳು ಎದ್ದು ಬಿದ್ದು, ಒಂದು ಸಾಲು ಮುಗಿದೊಡನೆ ಅದೇ ಸ್ಥಳದಲ್ಲಿ ಮುಂದಿನ ಬ್ರೈಲ್ ಸಾಲನ್ನು ಮೂಡಿಸುವುವು. ಹೀಗೆ ಒಂದು ಗ್ರಂಥಾಲಯವೇ ಜೋಳಿಗೆಯಲ್ಲಿ ಹಿಡಿಯುವುದು.

ಇಷ್ಟಾದರೂ ಸುಧಾರಿಸಬೇಕಾದುದು ಬಹಳವಿದೆ. ಮೊದಲನೆಯದು ಕನ್ನಡ ಲಿಪಿಯ ಒತ್ತಕ್ಷರ. ಅದು ಸಾಲಿನ ಕೆಳಗೆ ಇಳಿಯುವುದರಿಂದ, ಹಳೆಯ ಮಾಸಿದ ಅಚ್ಚಿನಲ್ಲಿ ಯಂತ್ರದ ಕಣ್ಣು ಅದನ್ನು ಬಿಟ್ಟುಬಿಡುವುದುಂಟು. ಆಗ ಕತ್ತೆಯು ಕತೆಯಾಗುವುದು, ಹಳ್ಳಿಯು ಹಳಿಯಾಗುವುದು! ಎರಡನೆಯದು ನಿಲುಗಡೆ. ವಚನವು ಓಡಿಸಿ ಓದತಕ್ಕುದಲ್ಲ. ಒಂದು ಪದದ ಬಳಿ ನಿಂತು, ಹಿಂದಿರುಗಿ, ಮತ್ತೆ ಸವಿಯತಕ್ಕುದು. ಬೆರಳಿಗೆ ಆ ಸ್ವಾತಂತ್ರ್ಯವಿದೆ. ಮಾತನಾಡುವ ಯಂತ್ರದಲ್ಲೂ ನಿಲ್ಲಿಸುವುದು, ಹಿಂದಿರುಗುವುದು, ಅಕ್ಷರವನ್ನು ಬಿಡಿಸಿ ಕೇಳುವುದು ಸುಲಭವಾಗಬೇಕು. ಮೂರನೆಯದು ಬೆಲೆ. ಮೊಳೆಗಳನ್ನೆಬ್ಬಿಸುವ ಸೂಕ್ಷ್ಮರಚನೆಯು ಪ್ರತಿ ಅಕ್ಷರಕ್ಕೂ ಬೇರೆಯಾಗಿ ಬೇಕಾಗುವುದರಿಂದ ಯಂತ್ರವು ದುಬಾರಿ. ಅನೇಕ ದೇಶಗಳ ಅಂಧಸೇವಾಸಂಸ್ಥೆಗಳು ಕೂಡಿ ಯತ್ನಿಸಿದುದರ ಫಲವಾಗಿ, ಒಮ್ಮೆಗೆ 20 ಅಕ್ಷರಗಳನ್ನು ತೋರುವ ಆರ್ಬಿಟ್ ರೀಡರ್ ಎಂಬ ಅಗ್ಗದ ಯಂತ್ರವು ಹೊರಬಂದಿತು. ಆದರೂ ಕೂಲಿಕಾರನ ಮನೆಗೆ ಅದಿನ್ನೂ ಭಾರವೇ.

ಮಹಾಶಯರೇ, ಒಂದು ದೋಷವು ಮಾತ್ರ ಯಂತ್ರದ್ದಲ್ಲ, ಪುಸ್ತಕವನ್ನು ಅಚ್ಚುಮಾಡಿಸುವವರದು. ಕನ್ನಡ ಮುದ್ರಣಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಹಳೆಯ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಗಣಕಯಂತ್ರದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯಂತ್ರವು ಅದನ್ನು ಇದ್ದಂತೆಯೇ ಓದಿ, ಅರ್ಥವಿಲ್ಲದ ಸದ್ದನ್ನು ಮಾಡುವುದು. ಪುಟಗಳ ಬರಿಯ ಚಿತ್ರವನ್ನು ತೆಗೆದಿಟ್ಟರೂ ಕಷ್ಟವು ತಪ್ಪದು. ಅದೇ ಗ್ರಂಥವನ್ನು ಯೂನಿಕೋಡ್ ಕ್ರಮದಲ್ಲಿ ಸಿದ್ಧಪಡಿಸಿದರೆ, ಆ ಒಂದೇ ಪ್ರತಿಯಿಂದ ಧ್ವನಿಯೂ ಆಗುವುದು, ಬ್ರೈಲೂ ಆಗುವುದು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ, ಬೇಕಾದುದು ಎಚ್ಚರ. ಕಾಯಿದೆಯ ಅಡ್ಡಿಯೂ ಇಲ್ಲ. 2012ರ ತಿದ್ದುಪಡಿಯಂತೆ ಅಂಧರಿಗಾಗಿ ಇಂತಹ ಪ್ರತಿಗಳನ್ನು ಮಾಡಲು ಕೃತಿಸ್ವಾಮ್ಯದ ಕಾನೂನೇ ಎಡೆಗೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿದುದು ಭಾರತವೇ.

ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತ ಅಂಧನ ಎಲೆಗೆ ಅನ್ನ ಬಡಿಸದೆ ಮುಂದೆ ಹೋಗುವವರುಂಟೆ? ಆದರೆ ಗ್ರಂಥವನ್ನು ಪ್ರಕಟಿಸುವಾಗ ಅವನ ಎಲೆಯು ಬರಿದಾಗಿಯೇ ಉಳಿಯುತ್ತಿರುವುದು. ಉತ್ಸವದ ಸ್ಮಾರಕಸಂಪುಟವು ಹೊರಡುವ ದಿನ, ಅದರ ಯೂನಿಕೋಡ್ ಪ್ರತಿಯೂ ಜೊತೆಯಲ್ಲೇ ಹೊರಡಲಿ. ಅನುಕೂಲವುಳ್ಳ ಭಕ್ತರು ಕೂಡಿ ಊರಿಗೊಂದು ವಾಚನಯಂತ್ರವನ್ನು ಕೊಂಡು ಮಠದ ಪುಸ್ತಕಭಂಡಾರದಲ್ಲಿಡಲಿ. ಅದನ್ನು ಬಳಸುವ ಕ್ರಮವನ್ನು ಬಲ್ಲ ಅಂಧರೇ ಇತರ ಅಂಧರಿಗೆ ಕಲಿಸಲಿ. ಅಂದು ದೃಷ್ಟಿಹೀನನಾದ ಭಕ್ತನು ಯಾರನ್ನೂ ಕರೆಯದೆ, ಯಾರ ಬಿಡುವನ್ನೂ ಕಾಯದೆ, ತನಗೆ ಬೇಕಾದ ಪುಟವನ್ನು ತಾನೇ ತೆರೆದು ಓದುವನು. ಗ್ರಂಥದಾನವು ಪೂರ್ಣವಾಗುವುದು ಅಂದೇ.